ಮಳೆಗೆ ದಾರಿ ತೋರುವ ಕಲ್ಲು

ಚಂಬಲ್ ಕಣಿವೆಯಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರ್ ಆಸುಪಾಸು. ಅಷ್ಟು ಮಳೆಗೇ ಅಲ್ಲಿನ ನೆಲ ಸೀಳಿ ಸೀಳಿ, ಡಕಾಯಿತರು ಅಡಗುವ ಜಾಗವೆಂದು ಹೆಸರಾದ ಕೊರಕಲುಗಳ ಜಾಲವಾಗಿದೆ. ನಮ್ಮ ಕಳಸ, ಬಾಳೂರು, ಕೊಟ್ಟಿಗೆಹಾರದ ಕಡೆ ಮಳೆ 3000 ಮಿಲಿಮೀಟರ್ ದಾಟುವುದು ಹೊಸದೇನಲ್ಲ. ಇಳಿಜಾರೂ ಚಂಬಲ್‌ಗಿಂತ ಎಷ್ಟೋ ಕಡಿದು. ಬರೀ ಮಳೆ ಮತ್ತು ಇಳಿಜಾರಿನ ಲೆಕ್ಕ ಹಿಡಿದರೆ ಮೂಡಿಗೆರೆ ಸೀಮೆ ಎಂದೋ ಕೊಚ್ಚಿಕೊಂಡು ಹೋಗಿ, ಬರಡು ದಿಣ್ಣೆಗಳ ನಾಡಾಗಿರಬೇಕಿತ್ತು. ಆಗಿಲ್ಲ. ಗುಡ್ಡಗಳು ದುಂಡಗಿವೆ, ಮೈತುಂಬ ಕಾಫಿ ಇದೆ, ತಗ್ಗಿನಲ್ಲಿ ಗದ್ದೆ ಇದೆ. ಹಾಗೆಂದು ಎಲ್ಲವೂ ಭದ್ರವಾಗಿಲ್ಲ. 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಮಳೆಗೆ ಇದೇ ಗುಡ್ಡಗಳು ಹತ್ತಾರು ಕಡೆ ಜರಿದವು. ಆದರೆ ಎಲ್ಲ ಕಡೆ ಜರಿಯಲಿಲ್ಲ.

ಅಷ್ಟು ಮಳೆಗೂ ನಿಂತ ನೆಲ ಕೆಲವು ಜಾಗದಲ್ಲಿ ಮಾತ್ರ ಯಾಕೆ ಸೋಲುತ್ತದೆ? ಇದಕ್ಕೆ ಉತ್ತರ ಮೋಡದಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ನೆಲದಡಿಯ ಕಲ್ಲಿನಲ್ಲಿದೆ: ಅದು ಹೇಗೆ ಮಡಿಸಿಕೊಂಡಿದೆ, ಯಾವ ಕಡೆ ವಾಲಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದರಲ್ಲಿ. ಭೂವಿಜ್ಞಾನಿಗಳು ಇದನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಓದುತ್ತ ಬಂದಿದ್ದಾರೆ. ತೋಟ ಮಾಡುವವರಿಗೆ, ರಸ್ತೆ ಕಡಿಯುವವರಿಗೆ ಆ ಓದು ತಲುಪಿದ್ದು ಕಡಿಮೆ.

ಕೊರಕಲು ನೆಲ ಎಲ್ಲಿ ಹುಟ್ಟುತ್ತದೆ

ಬ್ಯಾಡ್‌ಲ್ಯಾಂಡ್ ಎಂದು ಜಗತ್ತಿನ ಭೂಗೋಳದ ಪುಸ್ತಕಗಳು ಕರೆಯುವ ಕೊರಕಲು ನೆಲಕ್ಕೆ ನಾಲ್ಕು ಸಂಗತಿ ಕೂಡಿಬರಬೇಕು. ನೆಲ ಮೆತ್ತಗಿರಬೇಕು: ಜೇಡಿ, ಮೆಕ್ಕಲು, ಗಟ್ಟಿಯಾಗದ ಮರಳಿನಂಥದ್ದು. ಗಿಡಗಂಟಿ ವಿರಳವಾಗಿರಬೇಕು. ಮಳೆ ವರ್ಷವಿಡೀ ಹಂಚಿಕೊಂಡು ಬೀಳದೆ ಕೆಲವು ದಿನಗಳಲ್ಲಿ ಹೊಡೆದು ಸುರಿಯಬೇಕು. ಕೊನೆಯದಾಗಿ, ನೀರಿಗೆ ಬೀಳಲು ಆಳ ಬೇಕು, ಎಂದರೆ ಹತ್ತಿರದ ಹೊಳೆಯ ಪಾತ್ರ ನೆಲಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಮೊದಲ ಮೂರನ್ನು ಹವೆ ಮತ್ತು ಮಣ್ಣು ಒದಗಿಸಬಲ್ಲವು. ನಾಲ್ಕನೆಯದನ್ನು ಹೆಚ್ಚಾಗಿ ಒದಗಿಸುವುದು ಭೂಚಲನೆ. ನೆಲ ಮೇಲೆದ್ದರೆ ಹೊಳೆ ತನ್ನ ಪಾತ್ರವನ್ನು ಕೊರೆದುಕೊಂಡು ಕೆಳಗಿಳಿಯುತ್ತದೆ; ಅದರ ಉಪಹಳ್ಳಗಳು ಬೆನ್ನು ಹತ್ತಿ ಹಿಂದಕ್ಕೆ ಕೊರೆಯುತ್ತ ಬರುತ್ತವೆ.

ಇಟಲಿಯ ಅಪೆನೈನ್ ಬೆಟ್ಟಗಳ ತಪ್ಪಲಲ್ಲಿ ಸಮುದ್ರದ ತಳದಲ್ಲಿದ್ದ ಜೇಡಿ ಮೇಲೆದ್ದು ಬಂದು ಕೊರಕಲಾಗಿದೆ. ಸ್ಪೇನಿನ ತಬೆರ್ನಾಸ್‌ನಲ್ಲೂ ಹೀಗೆಯೇ: ಎತ್ತರಕ್ಕೇರಿದ ಜೇಡಿಶಿಲೆಯ ಬೋಗುಣಿಯನ್ನು ಹೊಳೆಗಳು ಕತ್ತರಿಸಿವೆ. ಚಂಬಲ್ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಹಿಮಾಲಯದ ಒತ್ತಡಕ್ಕೆ ಗಂಗಾ ಬಯಲಿನ ದಕ್ಷಿಣದ ಅಂಚು ಉಬ್ಬಿದ್ದು ಮುಖ್ಯವೆಂದು ಕೆಲವರು, ಮುಂಗಾರು ಬಲವಾದದ್ದು ಮುಖ್ಯವೆಂದು ಕೆಲವರು ಹೇಳುತ್ತಾರೆ. ವಿಶಾಖಪಟ್ಟಣದ ಬಳಿಯ ಎರ್ರ ಮಟ್ಟಿ ದಿಬ್ಬಲು ಎಂಬ ಕೆಂಪು ಮರಳ ದಿಣ್ಣೆಗಳು, ಪಶ್ಚಿಮ ಬಂಗಾಳದ ಗಡ್‌ಬೇತಾದಲ್ಲಿ ಶಿಲಾವತಿ ಹೊಳೆಯ ದಡದ ಗನ್‌ಗನಿ, ಇವೆರಡೂ ತೇವದ ನಾಡಿನಲ್ಲಿರುವ ಕೊರಕಲುಗಳು. ಮಳೆ ಚೆನ್ನಾಗಿ ಬೀಳುವ ಕಡೆ ಕೊರಕಲು ಹುಟ್ಟುವುದೇ ಇಲ್ಲ ಎನ್ನುವುದಕ್ಕೆ ಇವು ಎದುರುಸಾಕ್ಷಿ.

ಇಂಥ ಎಲ್ಲ ಕಡೆ ಕಾಣುವ ಒಂದು ಗುಣವಿದೆ. ಕೊರಕಲುಗಳು ಮನಸ್ಸಿಗೆ ಬಂದಂತೆ ಹರಡಿರುವುದಿಲ್ಲ. ಪದರ ವಾಲಿದ ದಿಕ್ಕು, ಸ್ತರಭಂಗದ ಗೆರೆ, ಬಿರುಕುಗಳ ಜಾಲ ಇವುಗಳನ್ನೇ ಹಿಡಿದು ಅವು ಬೆಳೆದಿರುತ್ತವೆ. ಒಂದೇ ದಿಣ್ಣೆಯ ಒಂದು ಮಗ್ಗುಲು ಚೂರುಚೂರಾಗಿ, ಇನ್ನೊಂದು ಮಗ್ಗುಲು ನಯವಾಗಿ ಉಳಿದಿರುವುದುಂಟು. ಕಾಫಿ ಗುಡ್ಡಗಳಿಗೆ ಹೊಂದುವ ಪಾಠ ಇದೇ.

ಲಾಳದ ಆಕಾರದ ಗಿರಿ

ಚಿಕ್ಕಮಗಳೂರಿನಿಂದ ಉತ್ತರಕ್ಕೆ ತಿರುಗಿ ನಿಂತರೆ ಕಾಣುವ ಬಾಬಾಬುಡನ್ ಗಿರಿಶ್ರೇಣಿ ಮೇಲಿನಿಂದ ನೋಡಿದರೆ ವಾಯವ್ಯಕ್ಕೆ ಬಾಯಿ ತೆರೆದ ಕುದುರೆ ಲಾಳದ ಆಕಾರದಲ್ಲಿದೆ. ಲಾಳದ ಒಳಗೆ ಜಾಗರ ಕಣಿವೆ. ಅಲ್ಲಿ ಹುಟ್ಟುವ ಸೋಮವಾಹಿನಿ ಆ ಬಾಯಿಯಿಂದಲೇ ಹೊರಬಿದ್ದು ಭದ್ರೆಯನ್ನು ಸೇರುತ್ತದೆ. ಲಾಳದ ಅಂಚಿನಲ್ಲಿ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್ ಎತ್ತರಕ್ಕೆ ನಿಂತಿದೆ. ಚಿಕ್ಕಮಗಳೂರು ಪೇಟೆ ಇರುವುದು 1090 ಮೀಟರ್ ಆಸುಪಾಸಿನಲ್ಲಿ.

ಈ ಲಾಳವನ್ನು ಮಾಡಿದ್ದು ಮಳೆಯಲ್ಲ, ಮಡಿಕೆ. ಸುಮಾರು 290 ಕೋಟಿ ವರ್ಷದಿಂದ 270 ಕೋಟಿ ವರ್ಷದ ನಡುವೆ ಇಲ್ಲಿ ಬೆಣಚುಗಲ್ಲಿನ ಗುಂಡುಗಳು, ಮರಳು, ಲಾವಾ, ಕಬ್ಬಿಣದ ಕೆಸರು ಒಂದರ ಮೇಲೊಂದು ಕೂತವು. ಆಮೇಲಿನ ಭೂಚಲನೆ ಅದನ್ನೆಲ್ಲ ಒತ್ತಿ, ಮಡಿಸಿ, ಬೋಗುಣಿಯಂತೆ ತಗ್ಗಿಸಿತು. ಭೂವಿಜ್ಞಾನಿಗಳು ಈ ಪದರಗಳಿಗೆ ಊರ ಹೆಸರನ್ನೇ ಇಟ್ಟಿದ್ದಾರೆ: ಕೆಳಗೆ ಕರ್ತಿಕೆರೆ, ಮೇಲಕ್ಕೆ ಹೋದಂತೆ ಅಲ್ಲಂಪುರ, ಸಂತವೇರಿ, ತುತ್ತತುದಿಗೆ ಮುಳ್ಳಯ್ಯನಗಿರಿ. ಪೇಟೆಯ ಮಗ್ಗುಲ ಊರಿನಿಂದ ಗಿರಿಯ ನೆತ್ತಿಗೆ ಹೋಗುವವರು ಇಪ್ಪತ್ತು ಕೋಟಿ ವರ್ಷಗಳಷ್ಟು ಕಾಲವನ್ನು ಹತ್ತಿ ಹೋಗುತ್ತಾರೆ.

ನೆತ್ತಿಯಲ್ಲಿರುವುದು ಪಟ್ಟೆಪಟ್ಟೆಯ ಕಬ್ಬಿಣಗಲ್ಲು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಒಂದು ಪಟ್ಟೆ ಕಪ್ಪು ಕಬ್ಬಿಣ, ಮರುಪಟ್ಟೆ ಬೂದು ಇಲ್ಲವೆ ಕೆಂಪು ಸಿಲಿಕ, ಒಂದೊಂದೂ ಬೆರಳಗಲವೋ ಅದಕ್ಕಿಂತ ತೆಳುವೋ. ಸಿಲಿಕ ನೀರಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಸುತ್ತಲಿನ ನೈಸ್ ಶಿಲೆಯ ನಾಡೆಲ್ಲ ಸವೆದು ತಗ್ಗಿದರೂ ಈ ಅಂಚು ತಗ್ಗಲಿಲ್ಲ. ಪದರಗಳು ಒಳಕ್ಕೆ, ಜಾಗರ ಕಣಿವೆಯ ಕಡೆ ವಾಲಿವೆ. ಹೀಗಾಗಿ ಗಿರಿಯ ಹೊರಮೈಯಲ್ಲಿ ಪದರಗಳ ಕಡಿದ ಅಂಚು ಕಾಣುತ್ತದೆ, ಒಳಮೈಯಲ್ಲಿ ಪದರಗಳ ಬೆನ್ನು ಕಾಣುತ್ತದೆ. ಹೊರಮೈಯಲ್ಲಿ ಸವೆತ ಬಂಡೆಯುರುಳುವ ಬಗೆಯದು: ಕೆಳಗಿನ ಮೆತ್ತನೆ ಪದರ ಕರಗಿದಂತೆ ಮೇಲಿನ ಗಟ್ಟಿ ಪದರ ತುಂಡಾಗಿ ಬೀಳುತ್ತದೆ. ಒಳಮೈಯಲ್ಲಿ ಪದರದ ಮೇಲೆ ಕೂತ ಮಣ್ಣು, ಪದರವನ್ನೇ ಜಾರುಬಂಡೆ ಮಾಡಿಕೊಂಡು ಇಳಿಯಬಲ್ಲದು.

ಹುಲ್ಲು ಮತ್ತು ಶೋಲಾ ಕಾಡು ಹಂಚಿಕೊಂಡಿರುವುದನ್ನು ನೋಡಿದರೂ ಕಲ್ಲಿನ ಕೈವಾಡ ತಿಳಿಯುತ್ತದೆ. ಏಣಿನ ಮೇಲೆ ತೆಳು ಮಣ್ಣು, ಅಲ್ಲಿ ಹುಲ್ಲು. ಸಂದುಗಳಲ್ಲಿ ಮಣ್ಣು ಆಳ, ನೀರೂ ನಿಲ್ಲುತ್ತದೆ, ಅಲ್ಲಿ ಕಾಡು. ಎಷ್ಟೋ ಕಡೆ ಆ ಸಂದೇ ಕಲ್ಲಿನ ಬಿರುಕಿನ ಗೆರೆ. ನೀರು ಬಿರುಕಿಗೆ ಇಳಿದು ಕಲ್ಲನ್ನು ಕೊಳೆಸಿತು, ಕೊಳೆತ ಕಲ್ಲು ಮಣ್ಣಾಯಿತು, ಮಣ್ಣಿನಲ್ಲಿ ಮರ ಬಂತು. ಕೊರಕಲಾಗಿ ಬಾಯಿ ಬಿಡಬಹುದಾಗಿದ್ದ ಗೆರೆಯನ್ನು ಬೇರು ಹೊಲಿದು ಹಿಡಿದಿದೆ.

ಘಟ್ಟದ ಅಂಚಿನ ವಾದ

ಗಿರಿಶ್ರೇಣಿಯ ಮಡಿಕೆ ಹಳೆಯದು; ಪಶ್ಚಿಮಕ್ಕೆ ಕಡಿದು ಬೀಳುವ ಘಟ್ಟದ ಅಂಚು ಅದಕ್ಕಿಂತ ತೀರಾ ಈಚಿನದು. ಚಾರ್ಮಾಡಿಯಲ್ಲಿ ಏಳೆಂಟು ನೂರು ಮೀಟರ್ ಎತ್ತರವನ್ನು ರಸ್ತೆ ತಿರುವು ಹಾಕಿಕೊಂಡು ಇಳಿಯಬೇಕಾದ್ದು ಈ ಅಂಚಿನಿಂದಲೇ. ಇದು ಹುಟ್ಟಿದ್ದು ಹೇಗೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಎಲ್ಲರೂ ಒಪ್ಪುವ ಮೊದಲ ಮಾತು, ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಟ್ಟಿತು ಎಂಬುದು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಬಿರುಕಿನ ಕಾಲದ ಜ್ವಾಲಾಮುಖಿಯ ಉಳಿಕೆ. ಒಡೆದ ಭೂಖಂಡದ ಅಂಚು ಎತ್ತರದಲ್ಲಿ ಉಳಿಯಿತು, ಎದುರಿಗೆ ಕಡಲು ಬಂತು. ಕಡಲಿಗೆ ಬೀಳುವ ಹೊಳೆಗಳು ಕಡಿದಾದ ಇಳಿಜಾರಿನಲ್ಲಿ ಅಂಚನ್ನು ಕೊರೆಯುತ್ತ ಅದನ್ನು ಪೂರ್ವಕ್ಕೆ ತಳ್ಳಿದವು ಎಂಬುದು ಒಂದು ಪಂಥ.

ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಕಟ್ಟಿದವರಲ್ಲಿ ಪ್ರಮುಖರಾದ ಬಿ.ಪಿ. ರಾಧಾಕೃಷ್ಣ ಅವರು ಬೇರೆ ಮಾತು ಹೇಳಿದರು. ಮೈಸೂರು ಪ್ರಸ್ಥಭೂಮಿಯ ಮಟ್ಟಸ ಬಯಲುಗಳು, ಎಳೆಯ ಜಲಪಾತಗಳು, ಆಳವಾಗಿ ಕೊರೆದ ಕಮರಿಗಳು ಇವನ್ನೆಲ್ಲ ಒಟ್ಟಿಗಿಟ್ಟು ನೋಡಿ, ಪರ್ಯಾಯ ದ್ವೀಪದ ನೆಲ ಈಚಿನ ಭೂಯುಗದಲ್ಲಿ ಮತ್ತೆ ಮೇಲೆದ್ದಿದೆ, ಹೊಳೆಗಳಿಗೆ ಹೊಸ ಹುರುಪು ಬಂದದ್ದು ಅದರಿಂದ ಎಂದು ವಾದಿಸಿದರು. ಸಹ್ಯಾದ್ರಿಯ ಈ ಮಹಾ ಅಂಚಿನ ಬಗ್ಗೆ ಯಾನ್ ಗುನೆಲ್ ಅವರೊಂದಿಗೆ ಅವರು ಸಂಪಾದಿಸಿದ ದೊಡ್ಡ ಗ್ರಂಥ 2001ರಲ್ಲಿ ಬಂತು. ವಾದದ ಎಲ್ಲ ಮಗ್ಗುಲೂ ಅದರಲ್ಲಿವೆ.

ಆಮೇಲಿನ ಎರಡು ಬಗೆಯ ಅಳತೆಗಳು ಚರ್ಚೆಯನ್ನು ಮುಂದಕ್ಕೆ ತಂದವು. ಜಂಬಿಟ್ಟಿಗೆಯೊಳಗಿನ ಮ್ಯಾಂಗನೀಸ್ ಖನಿಜಗಳ ವಯಸ್ಸು ಹಿಡಿದಾಗ, ಮೇಲ್ನಾಡಿನ ಜಂಬಿಟ್ಟಿಗೆ ಮಾತ್ರವಲ್ಲ, ಘಟ್ಟದ ಕೆಳಗೆ ಗೋವಾ ಕಡೆಯ ಜಂಬಿಟ್ಟಿಗೆಯೂ 4 ಕೋಟಿ ವರ್ಷಕ್ಕಿಂತ ಹಿಂದೆಯೇ ರೂಪುಗೊಳ್ಳತೊಡಗಿತ್ತು ಎಂದು ತಿಳಿಯಿತು. ಕೆಳಗಿನ ನಾಡು ಅಷ್ಟು ಹಳೆಯದಾದರೆ ಅಂಚೂ ಅಷ್ಟು ಹಳೆಯದೇ, ಬಹುಪಾಲು ಇಂದಿರುವ ಜಾಗದ ಹತ್ತಿರವೇ ನಿಂತಿದೆ. ಎರಡನೆಯದು ಹೊಳೆಯ ಮರಳಿನಲ್ಲಿ ಬೆರಿಲಿಯಂ-10 ಎಣಿಸುವ ವಿಧಾನ. ಬಾಹ್ಯಾಕಾಶದ ಕಿರಣ ಬಡಿದು ಮೇಲ್ಮೈಯ ಕಲ್ಲಿನಲ್ಲಿ ಹುಟ್ಟುವ ಈ ಧಾತು, ಮೇಲ್ಮೈ ಎಷ್ಟು ಬೇಗ ಸವೆಯುತ್ತಿದೆ ಎಂದು ಹೇಳುತ್ತದೆ. ದಕ್ಷಿಣ ಸಹ್ಯಾದ್ರಿಯಲ್ಲಿ ಹೀಗೆ ಅಳೆದಾಗ ಮೇಲ್ನಾಡಿನ ಸವೆತ ತೀರ ನಿಧಾನ, ಅಂಚಿನ ಕಡಿದಾದ ಕಣಿವೆಗಳಲ್ಲಿ ಅದರ ಕೆಲವು ಪಟ್ಟು ಎಂದು ಕಂಡಿತು. ಹತ್ತು ಲಕ್ಷ ವರ್ಷಕ್ಕೆ 10 ಮೀಟರ್ ಎಂದರೆ ನೂರು ವರ್ಷಕ್ಕೆ 1 ಮಿಲಿಮೀಟರ್. ಪ್ರಕೃತಿ ತಾನಾಗಿ ಈ ನಾಡನ್ನು ಸವೆಸುವ ವೇಗ ಈ ಮಟ್ಟದ್ದು. ಮುಂದೆ ಹೇಳುವ ಕುಸಿತಗಳನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು.

ಹೊಳೆಗಳ ಹಂಚಿಕೆ

ಕುದುರೆಮುಖದ ಗಂಗಾಮೂಲದ ಸುತ್ತಲಿನಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಮೊದಲೆರಡು ಪೂರ್ವಕ್ಕೆ ಹೋಗಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತವೆ, ಮೂರನೆಯದು ಪಶ್ಚಿಮಕ್ಕೆ ಧುಮುಕಿ ಸುಮಾರು ನೂರು ಕಿಲೋಮೀಟರಿನಲ್ಲಿ ಮಂಗಳೂರಿನ ಕಡಲಿಗೆ ಬೀಳುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿಯ ನೀರು ಕಾವೇರಿಯೊಡನೆ ಏಳೆಂಟು ನೂರು ಕಿಲೋಮೀಟರ್ ನಡೆಯಬೇಕು. ಅದೇ ಗುಡ್ಡದ ಬೆನ್ನ ಹಿಂದೆ, ಬಲ್ಲಾಳರಾಯನ ದುರ್ಗದ ಕಡೆಯಿಂದ ಬಂಡಾಜೆಯಲ್ಲಿ ಬೀಳುವ ನೀರಿಗೆ ಕಡಲು ಹತ್ತಿರ.

ಎತ್ತರ ಒಂದೇ, ದೂರ ಏಳು ಪಟ್ಟು ಕಡಿಮೆ. ಹಾಗಾಗಿ ಪಶ್ಚಿಮದ ಹಳ್ಳಗಳಿಗೆ ಕೊರೆಯುವ ಕಸುವು ಹೆಚ್ಚು. ಅವು ತಲೆಯ ಕಡೆಯಿಂದ ಹಿಂದಕ್ಕೆ ಕೊರೆಯುತ್ತ, ಪೂರ್ವದ ಹೊಳೆಗಳ ಮೂಲವನ್ನು ಕಸಿಯುತ್ತ ಬರುತ್ತವೆ. ರಾಣಿಝರಿಯ ಅಂಚಿನಲ್ಲಿ ನಿಂತವರಿಗೆ ಇದು ಕಣ್ಣಿಗೇ ಕಾಣುತ್ತದೆ. ಪೂರ್ವಕ್ಕೆ ಮೆಲ್ಲಗೆ ಇಳಿಯುವ ಹುಲ್ಲುಗಾವಲು, ಪಶ್ಚಿಮಕ್ಕೆ ಕಾಲಬುಡದಿಂದಲೇ ಪ್ರಪಾತ. ಎರಡು ಜಲಾನಯನಗಳ ಗಡಿ ಗುಡ್ಡದ ನಡುವಿಲ್ಲ, ತುದಿಯಲ್ಲಿದೆ.

ಉತ್ತರ-ದಕ್ಷಿಣದ ಹಂಚಿಕೆ ಇನ್ನೂ ಕುತೂಹಲದ್ದು. ಚಿಕ್ಕಮಗಳೂರು ಜಿಲ್ಲೆಯ ನೀರು ಎರಡು ಮಹಾನದಿಗಳಿಗೆ ಹರಿಯುತ್ತದೆ. ತುಂಗಾ, ಭದ್ರಾ, ವೇದಾವತಿ ಉತ್ತರಕ್ಕೆ ಕೃಷ್ಣೆಯ ಕಡೆ. ಹೇಮಾವತಿ, ಯಗಚಿ ದಕ್ಷಿಣಕ್ಕೆ ಕಾವೇರಿಯ ಕಡೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಸುಬ್ರಹ್ಮಣ್ಯ ಅವರು 1990ರ ದಶಕದಲ್ಲಿ ಇದನ್ನು ನಕ್ಷೆಯ ಮೇಲೆ ಹಿಡಿದು, ಕರಾವಳಿಯ ಮೂಲ್ಕಿಯಿಂದ ಪೂರ್ವದ ಪುಲಿಕಾಟ್ ಸರೋವರದವರೆಗೆ, ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದ ನೇರಕ್ಕೆ ನೆಲ ಉಬ್ಬುತ್ತಿರುವ ಒಂದು ಅಕ್ಷವಿದೆ ಎಂದು ಮಂಡಿಸಿದರು. ಹೊಳೆಗಳು ಅದರ ಎರಡು ಕಡೆಗೆ ಸರಿದಿರುವುದು ಅವರ ಮುಖ್ಯ ಸಾಕ್ಷಿ. ಅಕ್ಷದ ಗೆರೆ ಕಾಫಿ ನಾಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪಿದರೆ ಮಾತ್ರ, ಪರ್ಯಾಯ ದ್ವೀಪ ಸತ್ತ ನೆಲ, ಇಲ್ಲಿ ಅಲುಗಾಟವಿಲ್ಲ ಎಂಬ ಹಳೆಯ ನಂಬಿಕೆಯನ್ನು ಕೈಬಿಡಬೇಕಾಗುತ್ತದೆ.

ಗಿರಿಯ ಪೂರ್ವಕ್ಕೆ ಕತೆ ತಲೆಕೆಳಗು. ಮಳೆಯ ಮರೆಯಲ್ಲಿರುವ ಕಡೂರಿನ ಬಯಲಿಗೆ ಬೀಳುವುದು ಘಟ್ಟದಂಚಿನ ಮಳೆಯ ಸಣ್ಣ ಪಾಲು. ಆದರೆ ಅಲ್ಲಿ ಮುಚ್ಚಿಗೆಯಿಲ್ಲದ ಹೊಲದ ಮೇಲೆ ಹೊಡೆಯುವ ಒಂದು ಗುಡುಗು ಮಳೆ, ಕಾಫಿ ತೋಟದ ಮೇಲೆ ಒಂದು ವಾರ ಹಿಡಿದು ಸುರಿವ ಜಡಿಮಳೆಗಿಂತ ಹೆಚ್ಚು ಮೇಲ್ಮಣ್ಣು ಹೊತ್ತೊಯ್ಯಬಲ್ಲದು. ಗಿರಿಯಿಂದ ಇಳಿವ ಗೌರಿಹಳ್ಳಕ್ಕೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಕಟ್ಟಿದವರು ಆ ನೀರಿನ ಓಟವನ್ನು ಬೆಟ್ಟದ ಬುಡದಲ್ಲೇ ತಡೆದರು. ಹಾಗೆ ತಡೆದದ್ದರಿಂದ ನೀರಿನ ಜೊತೆಗೆ ಕೆಳಗಿನ ನೆಲವೂ ಉಳಿಯಿತು.

ಧರೆಯ ಒಳಗೆ

ಘಟ್ಟದಂಚಿನ ಊರುಗಳಲ್ಲಿ ರಸ್ತೆಗೋ ಮನೆಗೋ ಕಡಿದ ಯಾವುದಾದರೊಂದು ಧರೆಯ ಮುಂದೆ ನಿಂತರೆ ಇಡೀ ವಿಷಯ ಅಲ್ಲೇ ಬರೆದಿದೆ. ಮೇಲೆ ಗೇಣುದ್ದ ಕಪ್ಪು ಮಣ್ಣು, ಬೇರು, ದರಗು. ಅದರಡಿ ಕೆಂಪು ಮಣ್ಣು, ಅಲ್ಲಲ್ಲಿ ನೊರಜು. ಇನ್ನೂ ಕೆಳಗೆ ಬಣ್ಣ ಹಳದಿ, ಬಿಳಿ, ಗುಲಾಬಿಗೆ ತಿರುಗುತ್ತದೆ. ಅಲ್ಲಿ ಉಗುರಿನಿಂದ ಕೆರೆದರೆ ಉದುರುವ ಮಣ್ಣು, ಆದರೆ ನೋಟಕ್ಕೆ ಕಲ್ಲು: ಮೂಲಶಿಲೆಯ ಗೆರೆಗಳು, ಬಿರುಕುಗಳು, ವಾಲಿದ ದಿಕ್ಕು ಎಲ್ಲವೂ ಹಾಗೆಯೇ ಇವೆ. ನಡುನಡುವೆ ಇನ್ನೂ ಕೊಳೆಯದೆ ಉಳಿದ ಉಂಡೆಗಲ್ಲುಗಳು. ತಳದಲ್ಲಿ ಗಟ್ಟಿ ಬಂಡೆ, ಅದರ ಮೇಲ್ಮೈಯಲ್ಲಿ ಮಳೆಗಾಲವಿಡೀ ಜಿನುಗುವ ನೀರು.

ನೈಸ್ ಶಿಲೆಯ ಫೆಲ್ಡ್‌ಸ್ಪಾರ್ ಖನಿಜ ನೀರು ಕುಡಿದು ಜೇಡಿಯಾಗುತ್ತದೆ. ಬಿರುಕು ಹೆಚ್ಚಿದ್ದಲ್ಲಿ ನೀರು ಆಳಕ್ಕಿಳಿದು, ಹತ್ತಾರು ಮೀಟರ್ ಆಳದವರೆಗೆ ಕಲ್ಲು ಹೀಗೆ ಕೊಳೆತಿರುತ್ತದೆ. ಬಿರುಕಿಲ್ಲದ ಕಡೆ ಎರಡಡಿಗೇ ಬಂಡೆ ಸಿಗುತ್ತದೆ. ಪಕ್ಕಪಕ್ಕದ ಎರಡು ತೋಟಗಳಲ್ಲಿ ಒಂದು ಕಡೆ ಬಾವಿ ಸಲೀಸಾಗಿ ಇಳಿದು, ಇನ್ನೊಂದು ಕಡೆ ಸಿಡಿಮದ್ದು ಬೇಕಾಗುವುದು ಇದಕ್ಕೇ. ಈ ಕೊಳೆತ ಕಲ್ಲು ಚಂಬಲ್‌ನ ಮೆಕ್ಕಲಿನಷ್ಟೇ ಮೆತ್ತಗೆ. ಕರಾವಳಿಯಲ್ಲಿ ಮುರಕಲ್ಲಿನಡಿ, ಎಂದರೆ ಜಂಬಿಟ್ಟಿಗೆಯಡಿ ಸಿಗುವ ಶೇಡಿ ಮಣ್ಣು ಇದರ ಸೋದರ. ಮೇಲಿನ ಮುರಕಲ್ಲಿನ ಹೊದಿಕೆ ತೆಗೆದ ಮರುಮಳೆಗಾಲದಲ್ಲೇ ಶೇಡಿ ಗೀರುಗೀರಾಗಿ ಕೊರೆದುಹೋಗುವುದನ್ನು ಮಂಗಳೂರಿನಲ್ಲಿ ಮನೆ ಕಟ್ಟುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಹಾಗಾದರೆ ಕೊರಕಲು ನೆಲಕ್ಕೆ ಬೇಕಾದ ನಾಲ್ಕರಲ್ಲಿ ಮೂರು ನಮ್ಮಲ್ಲಿ ಸಿದ್ಧವಾಗಿವೆ. ಮೆತ್ತನೆ ನೆಲವಿದೆ. ಹೊಡೆದು ಸುರಿಯುವ ಮಳೆಯಿದೆ. ಬೀಳಲು ಆಳವನ್ನು ಘಟ್ಟದ ಅಂಚು ಕೊಟ್ಟಿದೆ. ಇಲ್ಲದಿರುವುದು ಒಂದೇ, ಬೋಳು ಮೈ. ಬೇರು, ದರಗು, ಮರದ ನೆರಳು, ಇವು ಮಳೆಯ ಹೊಡೆತ ನೆಲಕ್ಕೆ ತಾಗದಂತೆ ನೋಡಿಕೊಂಡಿವೆ. ಕಾಫಿ ಗುಡ್ಡ ಕೊರಕಲು ನೆಲವಾಗುವುದನ್ನು ಹಸಿರು ಹೊದಿಕೆಯೊಂದೇ ತಡೆದು ನಿಂತಿದೆ. ಆ ಹೊದಿಕೆ ಎಲ್ಲಿ ಹರಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಕಲ್ಲಿನ ರಚನೆ ಮೊದಲೇ ತೀರ್ಮಾನಿಸಿದೆ.

ಹೊದಿಕೆ ಹರಿದ ಎರಡು ಬಗೆ

ಮೊದಲನೆಯದು ಕುಸಿತ. 2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆ. ಮಲೆಮನೆ, ಮಧುಗುಂಡಿ, ಅಲೇಖಾನ್ ಹೊರಟ್ಟಿಯಂಥ ಊರುಗಳಲ್ಲಿ ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಚಾರ್ಮಾಡಿ ರಸ್ತೆ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತು.

ಇಂಥ ಕುಸಿತದ ಬಗೆ ಹೆಚ್ಚುಕಡಿಮೆ ಒಂದೇ. ಜೂನ್, ಜುಲೈನ ಮಳೆ ಕೊಳೆತ ಕಲ್ಲನ್ನು ನೆನೆಸಿಡುತ್ತದೆ. ಆಗಸ್ಟ್‌ನಲ್ಲಿ ಎರಡು ಮೂರು ದಿನ ಬಿಡದೆ ಸುರಿದಾಗ ನೀರು ಕೆಳಗಿನ ಬಂಡೆಯನ್ನು ಮುಟ್ಟಿ ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲೇ ಒತ್ತಡ ಕಟ್ಟುತ್ತದೆ. ಊರವರು ಜಲ ಎದ್ದಿದೆ ಎನ್ನುವುದು ಇದೇ ಹೊತ್ತಿಗೆ: ಎಂದೂ ಒರತೆಯಿಲ್ಲದ ಕಡೆ ಕೆಸರುನೀರು ಚಿಮ್ಮುತ್ತದೆ. ಮಣ್ಣಿನ ಕಣಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದ ಭಾರವನ್ನು ನೀರೇ ಹೊತ್ತುಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಬಂಡೆಯ ಪದರ ಇಳಿಜಾರಿನ ದಿಕ್ಕಿಗೇ ವಾಲಿದ್ದರೆ ಇಡೀ ಮೈ ಜಾರುತ್ತದೆ. ಎದುರು ದಿಕ್ಕಿಗೆ ವಾಲಿದ್ದರೆ ನಿಲ್ಲುವ ಸಾಧ್ಯತೆ ಹೆಚ್ಚು. ಎರಡು ಬಿರುಕುಗಳ ಗೆರೆ ಕೂಡುವ ಸಂದಾದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ. ಬುಡ ಕಡಿದಿದ್ದರೆ ಹೇಳುವುದೇ ಬೇಡ. ನೂರು ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಸವೆಯುತ್ತಿದ್ದ ನೆಲದಲ್ಲಿ ಮೂರು ನಾಲ್ಕು ಮೀಟರ್ ದಪ್ಪದ ಮಣ್ಣು ಕೆಲವೇ ನಿಮಿಷಗಳಲ್ಲಿ ಹೊರಟುಹೋಗುತ್ತದೆ.

ಮುಂದಿನದು ಕೊರಕಲಿನ ಕತೆ. ಜರಿದ ಗಾಯದಲ್ಲಿ ಕೊಳೆತ ಕಲ್ಲು ಬತ್ತಲಾಗಿ ಕೂತಿರುತ್ತದೆ. ಮರುವರ್ಷದ ಮಳೆ ಅದರಲ್ಲಿ ಗೀರು ಎಳೆಯುತ್ತದೆ, ಅದರ ಮರುವರ್ಷ ಗೀರು ಕೊರಕಲಾಗುತ್ತದೆ. ನಮ್ಮ ಹವೆಯಲ್ಲಿ ಹುಲ್ಲು, ಗಿಡ ಬೇಗ ಹಬ್ಬಿ ಬಹುಪಾಲು ಗಾಯ ಮಾಯುತ್ತದೆ. ಬುಡವನ್ನು ಮತ್ತೆ ಮತ್ತೆ ಕಡಿದು ಮಣ್ಣು ತೆಗೆಯುವ ಕಡೆ ಮಾತ್ರ ಮಾಯುವುದಿಲ್ಲ.

ಎರಡನೆಯ ಬಗೆ ಗಣಿಗಾರಿಕೆ, ಅದರ ದೊಡ್ಡ ಉದಾಹರಣೆ ಕುದುರೆಮುಖ. ಅಲ್ಲಿನ ಕಬ್ಬಿಣಗಲ್ಲು ಹತ್ತಾರು ಮೀಟರ್ ಆಳದವರೆಗೆ ಕೊಳೆತು ಸಡಿಲವಾಗಿತ್ತು. ಕಬ್ಬಿಣದ ಅಂಶ ಶೇಕಡ 38ರಷ್ಟು ಮಾತ್ರವಿದ್ದ ಈ ಅದಿರು ಗಣಿಗೆ ಒದಗಿಬಂದದ್ದೇ ಅಷ್ಟು ಸಡಿಲವಾಗಿದ್ದುದರಿಂದ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ಪುಡಿ ಮಾಡಿದ ಅದಿರು ನೀರಿನೊಡನೆ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಉಳಿದ ಕೆಸರು ಲಖ್ಯಾ ಅಣೆಕಟ್ಟೆಯ ಹಿಂದೆ ಕೂಡುತ್ತಿತ್ತು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯಬಲ್ಲ ನೆತ್ತಿಯ ಮೇಲೆ ಹೊದಿಕೆ ತೆಗೆದ ಗುಡ್ಡ, ಕೆಳಗೆ ಭದ್ರೆ. ಕೊರಕಲು ನೆಲಕ್ಕೆ ಬೇಕಾದ ನಾಲ್ಕೂ ಅಲ್ಲಿ ಮೊದಲ ಸಲ ಕೂಡಿದವು.

ಭದ್ರೆಯ ನೀರಿನಲ್ಲಿ ತೇಲಿ ಬರುವ ಮಣ್ಣನ್ನು ಅಳೆದ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ, ಜಲಾನಯನದ ಸಣ್ಣ ಪಾಲಾದ ಗಣಿ ಪ್ರದೇಶ ಅದರ ಅಳತೆಗೆ ಮೀರಿದ ಹೂಳನ್ನು ಹೊಳೆಗೆ ತಳ್ಳುತ್ತಿತ್ತು ಎಂದು ತೋರಿಸಿತು. ಆ ಹೂಳು ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಜಲಾಶಯದ ದಾರಿ ಹಿಡಿಯುತ್ತಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು, ವನ್ಯಜೀವಿಯ ಹೆಸರಿನಲ್ಲಿ ಗಣಿಯ ವಿರುದ್ಧ ನಡೆದ ಹೋರಾಟ ನೆಲದ ಸವೆತದ ದೃಷ್ಟಿಯಿಂದಲೂ ಸರಿಯಾದ ಜಾಗದಲ್ಲೇ ನಡೆದಿತ್ತು. ಆ ಕಲ್ಲು ಹೊದಿಕೆ ಇರುವವರೆಗೆ ಮಾತ್ರ ಗುಡ್ಡ.

ತೋಟದವರು ಏನು ಮಾಡಬಹುದು

ನೆರಳಿನ ಕಾಫಿ ಕಾಡಿಗೆ ಸಮನಲ್ಲ, ಆದರೆ ಮಣ್ಣು ಹಿಡಿಯುವುದರಲ್ಲಿ ಬೇರೆ ಯಾವ ಬೆಳೆಗಿಂತಲೂ ಕಾಡಿಗೆ ಹತ್ತಿರ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಇಳಿಜಾರಿನಲ್ಲಿ ಮಣ್ಣು ಕಾಯುವ ಬಗೆಗಳನ್ನು ಹೇಳುತ್ತ ಬಂದಿದೆ. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೋಡುವ ತೊಟ್ಟಿಲು ಗುಂಡಿಗಳು ಅವುಗಳಲ್ಲಿ ಮುಖ್ಯ. ಓಡುವ ನೀರು ಗುಂಡಿಯಲ್ಲಿ ನಿಲ್ಲುತ್ತದೆ, ದರಗು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಮೇಲ್ಮಣ್ಣು ಹಳ್ಳ ಸೇರುವುದಿಲ್ಲ.

ರಚನೆಯ ಪಾಠ ಕಲಿತರೆ ಈ ಸಲಹೆಗೂ ಒಂದು ತಿದ್ದುಪಡಿ ಬೇಕಾಗುತ್ತದೆ. ಮೇಲ್ಮಣ್ಣಿನ ಸವೆತ ತಡೆಯಲು ನೀರನ್ನು ಇಂಗಿಸಬೇಕು. ಕುಸಿತ ತಡೆಯಲು ನೀರನ್ನು ಹೊರಗೆ ದಾಟಿಸಬೇಕು. ಬಂಡೆ ಹತ್ತಿರವಿರುವ ದುಂಡು ಗುಡ್ಡದಲ್ಲಿ ಗುಂಡಿ ಒಳ್ಳೆಯದು. ಕೊಳೆತ ಕಲ್ಲು ಆಳವಾಗಿದ್ದು, ಪದರ ಇಳಿಜಾರಿನ ದಿಕ್ಕಿಗೇ ವಾಲಿರುವ ಕಡಿದಾದ ಮೈಯಲ್ಲಿ ಗುಂಡಿಯೋ ಕೃಷಿ ಹೊಂಡವೋ ತೋಡಿದರೆ ಜಾರುವ ಮೈಗೆ ನಾವೇ ನೀರೆರೆದಂತೆ. ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸಲು ಗುಡ್ಡದ ಮೇಲೆ ಕೆರೆ ತೋಡಿಸುವವರು ಕೆಳಗಿನ ಪದರ ಯಾವ ಕಡೆ ವಾಲಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಜಾತಿಮರಗಳನ್ನು ತೆಗೆದು ಬರೀ ಸಿಲ್ವರ್ ಓಕ್ ನಿಲ್ಲಿಸುವುದೂ ಬಿರುಕಿನ ಸಂದುಗಳಲ್ಲಿ ದುಬಾರಿ ಆಟ. ಬಗೆಬಗೆಯ ಆಳದ ಬೇರು ಒಂದೇ ಜಾತಿಯ ಮರದಿಂದ ಬರುವುದಿಲ್ಲ.

ರಸ್ತೆ, ರೆಸಾರ್ಟ್, ಮನೆ ಕಟ್ಟುವವರ ಜವಾಬ್ದಾರಿ ಇನ್ನೂ ದೊಡ್ಡದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಿಂದ ದೇಶದ ಗುಡ್ಡಗಾಡಿನ ಕುಸಿತ ಸಾಧ್ಯತೆಯ ನಕ್ಷೆ ಮಾಡುತ್ತ ಬಂದಿದೆ. ಪಶ್ಚಿಮ ಘಟ್ಟವೂ ಅದರಲ್ಲಿದೆ. ಆದರೆ ಅಂಥ ನಕ್ಷೆಯ ಒಂದು ಬಣ್ಣದ ಚುಕ್ಕೆಯೊಳಗೆ ಹತ್ತಾರು ತೋಟಗಳಿರುತ್ತವೆ. ಯಾವ ತೋಟದ ಯಾವ ಮಗ್ಗುಲು ಎಂದು ಹೇಳಲು ಸ್ಥಳಕ್ಕೇ ಬಂದು ಧರೆ ಓದಬೇಕು. ಓದುವುದು ಅಂಥ ಕಷ್ಟದ ವಿದ್ಯೆಯಲ್ಲ. ಕೊಳೆತ ಕಲ್ಲಿನಲ್ಲಿ ಕಾಣುವ ಗೆರೆಗಳು ರಸ್ತೆಯ ಕಡೆ ವಾಲಿವೆಯೋ ಗುಡ್ಡದ ಒಳಕ್ಕೋ, ಮಳೆಗಾಲದಲ್ಲಿ ಜಲ ಎಲ್ಲಿ ಏಳುತ್ತದೆ, ಮೇಲಿನ ಮರಗಳು ಯಾವ ಕಡೆ ಬಾಗಿವೆ, ನೆಲದ ಮೇಲೆ ಹೊಸ ಬಿರುಕು ಬಿಟ್ಟಿದೆಯೇ: ಇಷ್ಟನ್ನು ನೋಡಲು ಊರಿನ ಹಿರಿಯರ ನೆನಪೂ ಒಬ್ಬ ಭೂವಿಜ್ಞಾನಿಯ ಅರ್ಧ ದಿನವೂ ಸಾಕು. ಮನೆಗೆ, ಲೇಔಟಿಗೆ, ರಸ್ತೆ ಅಗಲಿಸಲು ಅನುಮತಿ ಕೊಡುವ ಪಂಚಾಯಿತಿ ಮತ್ತು ಇಲಾಖೆಗಳು ಈ ಅರ್ಧ ದಿನದ ವರದಿಯನ್ನು ಕಡ್ಡಾಯ ಮಾಡಿದರೆ ಸಾಕು, ದೊಡ್ಡ ಯೋಜನೆಯೇನೂ ಬೇಡ.

ಮಳೆ ಹೆಚ್ಚಾಗಿದೆ, ಹವೆ ಕೆಟ್ಟಿದೆ ಎಂದು ಪ್ರತಿ ಕುಸಿತದ ನಂತರ ಹೇಳುವುದು ರೂಢಿ. ಮಳೆಯ ಲೆಕ್ಕ ಸುಳ್ಳಲ್ಲ. ಹೊಡೆದು ಸುರಿವ ದಿನಗಳೇ ಕುಸಿತಕ್ಕೆ ನೆಪ. ಆದರೆ ಮಳೆಯ ಮೇಲೆ ನಮ್ಮ ಮಾತು ನಡೆಯುವುದಿಲ್ಲ, ಕಲ್ಲಿನ ವಾಲಿಕೆಯನ್ನೂ ಬದಲಿಸಲಾಗದು. ನಮ್ಮ ಕೈಯಲ್ಲಿರುವುದು ಹೊದಿಕೆ ಎಲ್ಲಿ ತೆಗೆಯಬೇಕು, ಬುಡ ಎಲ್ಲಿ ಕಡಿಯಬಾರದು ಎಂಬ ಆಯ್ಕೆ. ಆ ಆಯ್ಕೆಗೆ ಬೇಕಾದ ಮಾಹಿತಿ ಪ್ರತಿ ಧರೆಯಲ್ಲೂ ಬಿಚ್ಚಿಟ್ಟಿದೆ. ಜೆಸಿಬಿ ಬರುವ ಮೊದಲು ಅದನ್ನು ಓದಿದರೆ ಮಲೆನಾಡು ಮಲೆನಾಡಾಗಿ ಉಳಿಯುತ್ತದೆ. ಜರಿದ ಮೇಲೆ ಓದಿದರೆ ಪರಿಹಾರದ ಅರ್ಜಿ ಬರೆಯುವುದಕ್ಕಷ್ಟೇ ಉಪಯೋಗ.